ಮೊದಲೇ ಆಡಬೇಕಾದ ಮಾತು

ಕಿರಿಯಳು: ಚಿಕ್ಕಮ್ಮ, ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆಯುತ್ತಿರುವಾಗ ನನ್ನ ಮದುವೆ ಒಂದು ಸಮಸ್ಯೆ ಅಂತ ಅನ್ನಿಸುವುದೇ ಇಲ್ಲ. ಈಗ ಸೀರೆ ತೋರಿಸಿದವರು ನಮ್ಮ ಹತ್ತಿರ ಕನ್ನಡ ಮಾತಾಡಿದರು, ಪಕ್ಕದ ಗಿರಾಕಿಯ ಹತ್ತಿರ ತಮಿಳು, ಕುಚ್ಚು ಕಟ್ಟುವ ಹುಡುಗನಿಗೆ ದಖ್ಖನಿಯಲ್ಲಿ ಕೂಗಿ ಹೇಳಿದರು. ನಾನು ಮದುವೆಯಾಗುವ ಹುಡುಗ ಬೆಳೆದದ್ದೂ ಇಲ್ಲೇ, ಇಬ್ರಾಹಿಂ ಸಾಹೇಬ್ ಬೀದಿಯ ಹಿಂದೆ. ನಮ್ಮೂರು ತಿಪಟೂರಿನ ಬಸ್ಸು ಹತ್ತಿದಾಗ ಮಾತ್ರ ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ.

ಹಿರಿಯಳು: ಅಂಗಡಿಯಲ್ಲಿ ಮೂರು ಭಾಷೆ ಕೇಳಿಸಿತು ಅಂತ ಅಂಗಡಿಯವರ ಮನೆಯೊಳಗೂ ಹಾಗೇ ಇರುತ್ತದೆ ಅಂದುಕೊಳ್ಳಬೇಡ ಪುಟ್ಟಿ. ನಾನು ಈ ದಂಡಿನ ತಮಿಳರ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಮೊದಲಿಯಾರರು, ಮೆಮನರು, ಮಾರವಾಡಿಗಳು, ಸಿಂಧಿಗಳು ಎಲ್ಲರನ್ನೂ ನೋಡಿದ್ದೇನೆ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿ ಊಟ ಮಾಡಿ ಬರುತ್ತಾರೆ, ಸಾವಾದರೆ ಪಕ್ಕದ ಅಂಗಡಿಯವರೂ ಷಟರ್ ಎಳೆಯುತ್ತಾರೆ. ಆದರೆ ಮಗಳಿಗೆ ಗಂಡು ನೋಡುವ ಹೊತ್ತು ಬಂತೆಂದರೆ ಎಲ್ಲರೂ ತಮ್ಮತಮ್ಮವರೊಳಗೇ ನೋಡುತ್ತಾರೆ. ಬೆಂಗಳೂರು ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗುತ್ತದೆ ಅಂತ ಅಭಿಮಾನದಿಂದ ಹೇಳುವವರಲ್ಲೇ ಎಷ್ಟೋ ಜನ, ಮಗಳು ದರ್ಗಾ ಪಕ್ಕದ ಮನೆಗೆ ಸೊಸೆಯಾಗಿ ಹೋಗುತ್ತೇನೆ ಅಂದರೆ ಅನ್ನ ನೀರು ಬಿಟ್ಟು ಮಲಗಿಬಿಡುತ್ತಾರೆ.

ಕಿರಿಯಳು: ಹಾಗಾದರೆ ಎಲ್ಲರನ್ನೂ ಸೇರಿಸಿಕೊಂಡ ಊರು ಅನ್ನುವುದು ಸುಳ್ಳಾ?

ಹಿರಿಯಳು: ಸುಳ್ಳಲ್ಲ, ಅರ್ಧ ನಿಜ. ಅಕ್ಕಪಕ್ಕದಲ್ಲಿ ಬದುಕುವುದನ್ನು ಈ ಊರು ಚೆನ್ನಾಗಿ ಕಲಿತಿದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ದಂಡನ್ನು ಇಲ್ಲಿಗೆ ತಂದರು. ದಂಡಿನ ಹಿಂದೆ ಮದ್ರಾಸ್ ಕಡೆಯಿಂದ ಗುತ್ತಿಗೆದಾರರು, ದರ್ಜಿಗಳು, ಬಟ್ಲರುಗಳು ಬಂದರು. ನಿನ್ನ ಚಿಕ್ಕಪ್ಪನ ಮುತ್ತಜ್ಜ ಬಂದದ್ದೂ ಹಾಗೇ. 1881ರಲ್ಲಿ ಮೈಸೂರು ರಾಜ್ಯ ಮರಳಿ ಒಡೆಯರ ಕೈಸೇರಿದಾಗಲೂ ಈ ಭಾಗ ಮಾತ್ರ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಆ ಕಡೆ ಪೇಟೆ, ಈ ಕಡೆ ದಂಡು, ನಡುವೆ ಕಬ್ಬನ್ ಪಾರ್ಕು. ಎರಡಕ್ಕೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಊರಿನ ಆಡಳಿತ ಒಂದಾಗುವುದಕ್ಕೇ ಅಷ್ಟು ಕಾಲ ಹಿಡಿಯಿತು. ಅಡುಗೆಮನೆಗಳು ಒಂದಾಗುವುದಕ್ಕೆ ಇನ್ನೂ ಹೆಚ್ಚು ಹಿಡಿಯುತ್ತದೆ, ಅದು ತಾನಾಗಿ ಆಗುವುದೂ ಇಲ್ಲ. ಯಾರೋ ಇಬ್ಬರು ಕೂತು ಮಾತಾಡಬೇಕು.

ಕಿರಿಯಳು: ನಾವು ದಿನಾ ಮಾತಾಡುತ್ತೇವಲ್ಲ ಚಿಕ್ಕಮ್ಮ.

ಹಿರಿಯಳು: ಏನು ಮಾತಾಡುತ್ತೀರಿ? ಸತ್ತರೆ ಎಲ್ಲಿ ಮಣ್ಣು ಮಾಡಬೇಕು ಅಂತ ಮಾತಾಡಿದ್ದೀರಾ?

ಕಿರಿಯಳು: ಅಯ್ಯೋ ಚಿಕ್ಕಮ್ಮ! ಮದುವೆ ಸೀರೆ ತಗೊಳ್ಳಲು ಬಂದಾಗ ಇದೇನು ಮಾತು?

ಹಿರಿಯಳು: ಅದನ್ನು ಕೊನೆಗೆ ಹೇಳುತ್ತೇನೆ, ಆದರೆ ಬಿಡುವುದಿಲ್ಲ. ಮೊದಲು ಕಾಗದದ ವಿಷಯ. ನೋಟಿಸ್ ಕೊಟ್ಟಿದ್ದೀರಾ?

ಕಿರಿಯಳು: ಇನ್ನೂ ಇಲ್ಲ. ಅವನ ಅಮ್ಮಿಗೆ ನಿಕಾಹ್ ಆಗಬೇಕು ಅಂತ ಆಸೆ. ನನಗೆ ಕುವೆಂಪು ಅವರ ಮಂತ್ರ ಮಾಂಗಲ್ಯದ ಹಾಗೆ ಸರಳವಾಗಿ ಆಗಲಿ ಅಂತ ಆಸೆ. 1966ರಲ್ಲಿ ತೇಜಸ್ವಿ, ರಾಜೇಶ್ವರಿ ಹಾಗೇ ಮದುವೆಯಾದರಲ್ಲ. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಗಂಡು ಹೆಣ್ಣು ಇಬ್ಬರೂ ಸಮಾನರು ಅಂತ ಎಲ್ಲರೆದುರಿಗೆ ಹೇಳಿ ಆಗುವ ಮದುವೆ. ಎರಡೂ ಕಡೆಯವರು ಕೂತು ಕೇಳಬಹುದು.

ಹಿರಿಯಳು: ಮಾಡಿಕೊಳ್ಳಿ, ಅದರಷ್ಟು ಚೆಂದದ ಮದುವೆ ಇನ್ನೊಂದಿಲ್ಲ. ಆದರೆ ಎರಡು ಧರ್ಮದವರಿಗೆ ಕಾನೂನಿನಲ್ಲಿ ಅದೊಂದೇ ಸಾಲದು. ನೀನು ಮತಾಂತರ ಆಗದೆ ಬರೀ ನಿಕಾಹ್ ಮಾಡಿಕೊಂಡರೂ ಕಾಲು ಗಟ್ಟಿಯಾಗಿ ಊರುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಅಂಥ ಮದುವೆ ಕ್ರಮಬದ್ಧವಲ್ಲ ಅಂತಲೇ ಹೇಳಿತು. ಮಕ್ಕಳು ಔರಸರೇ, ಅವರಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿದೆ ಅಂತಲೂ ಹೇಳಿತು ಅನ್ನು. ಆದರೂ ನಾಳೆ ನಿನ್ನ ಹಕ್ಕಿನ ಪ್ರಶ್ನೆ ಬಂದಾಗ ವಕೀಲರ ಮನೆ ಅಲೆಯಬೇಕಾಗುತ್ತದೆ. ಇಬ್ಬರೂ ಅವರವರ ಧರ್ಮದಲ್ಲೇ ಉಳಿಯುವುದಾದರೆ ಇರುವ ನೇರ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ನಾನೂ ನಿನ್ನ ಚಿಕ್ಕಪ್ಪನೂ ಅದರಲ್ಲೇ ಆದದ್ದು. ಅದಕ್ಕೂ ಮುಂಚೆ 1872ರ ಕಾಯ್ದೆ ಇತ್ತು. ಅದರಲ್ಲಿ ಮದುವೆಯಾಗುವವರು ನಾವು ಹಿಂದೂವಲ್ಲ, ಮುಸ್ಲಿಮರಲ್ಲ, ಕ್ರೈಸ್ತರಲ್ಲ ಅಂತ ಬರೆದುಕೊಡಬೇಕಿತ್ತು. ಪ್ರೀತಿಸಿದ್ದಕ್ಕೆ ಹುಟ್ಟಿದ ಮನೆಯ ದೇವರನ್ನೇ ಅಲ್ಲಗಳೆಯಬೇಕು. ಅದು ಹೋಗಿದೆಯಲ್ಲ, ನನಗೆ ಅದೇ ದೊಡ್ಡ ವಿಷಯ.

ಕಿರಿಯಳು: ಮೂವತ್ತು ದಿನದ ನೋಟಿಸ್ ಅಂತಾರಲ್ಲ, ಅದೇ ಭಯ.

ಹಿರಿಯಳು: ಭಯ ಪಡಬೇಕಾದದ್ದೇ, ಅದಕ್ಕೇ ಪೂರ್ತಿ ತಿಳಿದುಕೋ. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚೆ ಕನಿಷ್ಠ ಮೂವತ್ತು ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೀನು ಇಂದಿರಾನಗರದ ಪಿಜಿಯಲ್ಲಿದ್ದೀಯ, ಅವನ ಮನೆ ಇಲ್ಲೇ, ಅದಕ್ಕೆ ತೊಂದರೆಯಿಲ್ಲ. ನೋಟಿಸನ್ನು ಕಚೇರಿಯ ಬೋರ್ಡಿಗೆ ಹಾಕುತ್ತಾರೆ. ನಿನ್ನ ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ಒಂದು ಪ್ರತಿ ಆ ಜಿಲ್ಲೆಯ ವಿವಾಹ ಅಧಿಕಾರಿಗೂ ಹೋಗಿ ಅಲ್ಲೂ ಬೋರ್ಡಿಗೆ ಬೀಳುತ್ತದೆ.

ಕಿರಿಯಳು: ಅಂದರೆ ನನ್ನದು ತುಮಕೂರು ಜಿಲ್ಲೆಗೆ ಹೋಗುತ್ತದೆ.

ಹಿರಿಯಳು: ಹೋಗುತ್ತದೆ. ಯಾರೋ ಪಹಣಿ ಕೆಲಸಕ್ಕೆ ಹೋದವರು ನೋಡಿ ನಿನ್ನ ಅಪ್ಪನಿಗೆ ಫೋನ್ ಮಾಡುತ್ತಾರೆ. ನಿಮ್ಮ ಮಗಳ ಹೆಸರು ಬೋರ್ಡಿನಲ್ಲಿದೆ, ಪಕ್ಕದಲ್ಲಿ ಇಂಥ ಹುಡುಗನ ಹೆಸರಿದೆ ಅಂತ. ಆ ಫೋನಿಗಿಂತ ಮುಂಚೆ ನೀನು ಅಪ್ಪನ ಮುಂದೆ ನಿಂತಿರಬೇಕು. ಅವರು ಒಪ್ಪುತ್ತಾರೋ ಇಲ್ಲವೋ ಬೇರೆ ಮಾತು. ಆದರೆ ಮೂರನೆಯವರ ಬಾಯಿಂದ ಕೇಳಿದ ಅವಮಾನವನ್ನು ಅಪ್ಪಂದಿರು ಮರೆಯುವುದಿಲ್ಲ. ಮದುವೆಯನ್ನು ಕ್ಷಮಿಸಿದವರೂ ಅದನ್ನು ಕ್ಷಮಿಸದೆ ಉಳಿದದ್ದನ್ನು ನಮ್ಮ ಬಂಧುಗಳಲ್ಲೇ ನೋಡಿದ್ದೇನೆ.

ಕಿರಿಯಳು: ಯಾರಾದರೂ ತಕರಾರು ಹಾಕಿದರೆ?

ಹಿರಿಯಳು: ಇಷ್ಟವಿಲ್ಲ ಅನ್ನುವುದು ತಕರಾರಿಗೆ ಕಾರಣವಲ್ಲ. ಇಬ್ಬರಲ್ಲಿ ಒಬ್ಬರಿಗೆ ಈಗಾಗಲೇ ಮದುವೆಯಾಗಿ ಗಂಡನೋ ಹೆಂಡತಿಯೋ ಇದ್ದಾರೆ, ವಯಸ್ಸು ಆಗಿಲ್ಲ, ಒಪ್ಪಿಗೆ ಕೊಡುವ ಮನಸ್ಥಿತಿ ಇಲ್ಲ, ನಿಷಿದ್ಧ ಸಂಬಂಧ, ಇಂಥವು ಮಾತ್ರ ಲೆಕ್ಕಕ್ಕೆ. ಜಾತಿ, ಧರ್ಮ, ಮನೆತನದ ಮರ್ಯಾದೆ ಅದರಲ್ಲಿ ಇಲ್ಲವೇ ಇಲ್ಲ. ಸುಳ್ಳು ನೆಪ ಹೂಡಿ ಆಕ್ಷೇಪಿಸಿದವರಿಗೇ ದಂಡ ಹಾಕಲು ಅವಕಾಶವಿದೆ. 2020ರ ನವೆಂಬರಿನಲ್ಲಿ ನಮ್ಮ ಹೈಕೋರ್ಟು ಇದೇ ಬೆಂಗಳೂರಿನ ಒಂದು ಜೋಡಿಯ ವಿಷಯದಲ್ಲಿ, ಪ್ರಾಯಕ್ಕೆ ಬಂದವರು ತಾವು ಮೆಚ್ಚಿದವರನ್ನು ಮದುವೆಯಾಗುವುದು ಮೂಲಭೂತ ಹಕ್ಕು, ಜಾತಿ ಧರ್ಮ ನೋಡಿ ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಆದರೂ ಆ ಮೂವತ್ತು ದಿನದ ಬೋರ್ಡು ನನಗೆ ಅನ್ಯಾಯ ಅನ್ನಿಸುತ್ತದೆ. ಹಿಂದೂಗಳ ಮದುವೆಗೂ ನಿಕಾಹಿಗೂ ಇಲ್ಲದ ಈ ಡಂಗುರ ನಿಮ್ಮಂಥವರಿಗೆ ಯಾಕೆ? ಅಲಹಾಬಾದ್ ಹೈಕೋರ್ಟು 2021ರಲ್ಲಿ, ಜೋಡಿ ಬೇಡ ಅಂದರೆ ನೋಟಿಸ್ ಪ್ರಕಟಿಸಬೇಕಿಲ್ಲ ಅಂದಿತು. ದೇಶಕ್ಕೆಲ್ಲ ಅದೇ ಆಗಬೇಕಿತ್ತು.

ಕಿರಿಯಳು: ಆಸ್ತಿ ವಿಷಯ? ನನಗೇನೂ ಆಸೆಯಿಲ್ಲ, ಆದರೆ ಅಪ್ಪ ಅದನ್ನೇ ಹಿಡಿದುಕೊಂಡು ಹೆದರಿಸುತ್ತಾರೆ.

ಹಿರಿಯಳು: ಆಸೆಯಿಲ್ಲ ಅನ್ನಬೇಡ. ಹಕ್ಕು ಇದೆ, ಬೇಕಾದರೆ ಬಿಡು, ಆದರೆ ತಿಳಿದು ಬಿಡು. ಈ ಕಾಯ್ದೆಯಲ್ಲಿ ಬೇರೆ ಧರ್ಮದವರನ್ನು ಮದುವೆಯಾದರೆ ಅವಿಭಕ್ತ ಕುಟುಂಬದಿಂದ ನೀನು ಬೇರೆಯಾದ ಹಾಗೆ. ಬೇರೆಯಾದೆ ಅಂದರೆ ಪಾಲು ಹೋಯಿತು ಅಂತಲ್ಲ, ಪಾಲು ಬೇರೆಯಾಯಿತು ಅಂತ. ಮುಂದೆ ನಿಮ್ಮಿಬ್ಬರ ಸ್ವತ್ತಿಗೂ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯ. ಅವನ ಮನೆಯವರಿಗೂ ಇದು ಗೊತ್ತಿರಲಿ. ಷರಿಯತ್ತಿನ ಪ್ರಕಾರ ಪಾಲು ಹಂಚುವುದು ಅವನ ಸ್ವತ್ತಿಗೆ ಆಮೇಲೆ ಅನ್ವಯಿಸುವುದಿಲ್ಲ. ಈಗಲೇ ಹೇಳದೆ ಇದ್ದು, ಇಪ್ಪತ್ತು ವರ್ಷವಾದ ಮೇಲೆ ಗೊತ್ತಾದರೆ ಅವನ ತಮ್ಮಂದಿರು ನಿನ್ನನ್ನೇ ಬೈಯುತ್ತಾರೆ.

ಕಿರಿಯಳು: ಅಪ್ಪ ದಿನಾ ಬೆಳಿಗ್ಗೆ ಲಿಂಗಪೂಜೆ ಆದ ಮೇಲೆ ವಚನ ಓದುತ್ತಾರೆ ಚಿಕ್ಕಮ್ಮ. ನಾನು ಆ ದನಿ ಕೇಳಿಕೊಂಡೇ ಎದ್ದವಳು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾದ ಕಥೆಯನ್ನು ನನಗೆ ಮೊದಲು ಹೇಳಿದವರೂ ಅವರೇ. ಸಮಗಾರರ ಮನೆಗೂ ಬ್ರಾಹ್ಮಣರ ಮನೆಗೂ ಸಂಬಂಧವಾದದ್ದಕ್ಕೆ ಬಿಜ್ಜಳ ಆ ಇಬ್ಬರು ಅಪ್ಪಂದಿರನ್ನು ಕೊಲ್ಲಿಸಿದ ಅಂತ ಹೇಳುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ನನ್ನ ಮಾತು ಬಂದಾಗ ಮುಖ ತಿರುಗಿಸುತ್ತಾರೆ. ಆ ಕಥೆಯನ್ನೇ ಅವರ ಮುಂದೆ ಇಡಲಾ?

ಹಿರಿಯಳು: ಇಡಬೇಡ. ಅವರ ಪೂಜೆಯನ್ನು ಅವರ ಮೇಲೇ ಆಯುಧ ಮಾಡಿದ ಹಾಗಾಗುತ್ತದೆ. ವಾದದಲ್ಲಿ ಗೆಲ್ಲುತ್ತೀಯ, ಅಪ್ಪನನ್ನು ಕಳೆದುಕೊಳ್ಳುತ್ತೀಯ. ಆ ಕಥೆಯ ಬಗ್ಗೆ ನನಗೆ ಬೇರೆಯೇ ಒಂದು ಯೋಚನೆ ಇದೆ. ಕಾರ್ನಾಡರು 1990ರಲ್ಲಿ ‘ತಲೆದಂಡ’ ಬರೆದರು. ಅದಕ್ಕೆ ಮುಂಚೆಯೂ ಆಮೇಲೂ ಆ ಮದುವೆಯ ಬಗ್ಗೆ ಎಷ್ಟು ಭಾಷಣ, ಎಷ್ಟು ನಾಟಕ! ಎಲ್ಲದರಲ್ಲೂ ಶರಣರಿದ್ದಾರೆ, ರಾಜನಿದ್ದಾನೆ, ಇಬ್ಬರು ಬೀಗರ ಬಲಿದಾನವಿದೆ. ಮದುವೆಯಾದ ಹುಡುಗಿ ಮಾರನೆಯ ದಿನ ಅತ್ತೆಯ ಒಲೆಯ ಮುಂದೆ ಕೂತು ಏನಂದುಕೊಂಡಳು? ಆ ಮನೆಯಲ್ಲಿ ತೊಗಲು ಹದ ಮಾಡುವ ವಾಸನೆ ಇತ್ತಲ್ಲ, ಅವಳಿಗೆ ಊಟ ಸೇರಿತಾ? ಅತ್ತೆ ಅವಳ ಕೈಯ ನೀರು ಕುಡಿಯಲು ಹೆದರಿದಳಾ? ಇದನ್ನು ನಮಗೆ ಯಾರೂ ಹೇಳಿಲ್ಲ. ನೀನು ಬಾಳಬೇಕಾದದ್ದು ಆ ಭಾಗವನ್ನು.

ಕಿರಿಯಳು: ನಿಮಗೆ ಊಟ ಸೇರಿತಾ?

ಹಿರಿಯಳು: ಮೊದಮೊದಲು ಇಲ್ಲ. ಮೀನು ಹುರಿಯುವ ವಾಸನೆಗೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ಅತ್ತೆ ಏನೂ ಹೇಳದೆ ಒಂದು ಸೀಮೆಎಣ್ಣೆ ಸ್ಟೌ ತಂದು ಮೂಲೆಯಲ್ಲಿಟ್ಟರು, ಇದು ನಿನ್ನದು ಅಂದರು. ಇದನ್ನು ಪ್ರೀತಿಯಿಂದ ಮಾಡಿದರಾ, ದೂರ ಇಡಲು ಮಾಡಿದರಾ ಅಂತ ನನಗೆ ಬಹಳ ದಿನ ಗೊತ್ತಾಗಲಿಲ್ಲ. ಅವರು ಪ್ರತಿವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಮಾತೆಗೆ ಸೀರೆ ಹರಕೆ ಕೊಡುತ್ತಿದ್ದರು. ಒಂದು ವರ್ಷ ಸೀರೆ ಆರಿಸಲು ನನ್ನನ್ನು ಇದೇ ಬೀದಿಗೆ ಕರೆದುಕೊಂಡು ಬಂದರು. ನೀನೇ ಹೇಳು, ಮಾತೆಗೆ ಯಾವ ಬಣ್ಣ ಒಪ್ಪುತ್ತದೆ ಅಂತ ಕೇಳಿದರು. ಅವತ್ತು ಆ ಸ್ಟೌ ಯಾಕೆ ಬಂತು ಅಂತ ಗೊತ್ತಾಯಿತು. ಆದರೆ ಕೇಳು, ಅದು ಗೊತ್ತಾಗುವ ತನಕ ಒಳಗೊಳಗೇ ಕುದಿದೆನಲ್ಲ, ಆ ದಿನಗಳು ದಂಡವಾದವು. ಬಾಯಿಬಿಟ್ಟು ಕೇಳಿದ್ದರೆ ಅವರೂ ಹೇಳುತ್ತಿದ್ದರು.

ಕಿರಿಯಳು: ಅವನ ಅಮ್ಮಿ ನನಗೋಸ್ಕರ ಬೇರೆ ಪಾತ್ರೆ ತಂದಿದ್ದಾರಂತೆ. ತರಕಾರಿಗೇ ಅಂತ. ಅವನೇ ಹೇಳಿದ.

ಹಿರಿಯಳು: ನೋಡು, ನೀನು ಅವರನ್ನೇ ನೇರವಾಗಿ ಕೇಳು. ಈ ಪಾತ್ರೆಯಲ್ಲಿ ನಾನು ಮಾಡಿದ್ದನ್ನು ನೀವೂ ಉಣ್ಣುತ್ತೀರಾ ಅಂತ. ಉತ್ತರ ಅಲ್ಲೇ ಸಿಗುತ್ತದೆ. ಭಾಷೆಯ ವಿಷಯ ಏನು? ದಖ್ಖನಿ ಬರುತ್ತದಾ?

ಕಿರಿಯಳು: ಹೌ, ನಕ್ಕೋ ಅನ್ನುವಷ್ಟು ಬರುತ್ತದೆ. ಅವರೆಲ್ಲರಿಗೂ ಕನ್ನಡ ಬರುತ್ತದೆ ಚಿಕ್ಕಮ್ಮ, ಆದರೆ ಮನೆಯಲ್ಲಿ ನಾನು ಬಂದ ಕೂಡಲೇ ಎಲ್ಲರೂ ಕನ್ನಡಕ್ಕೆ ತಿರುಗಿದರೆ ನನಗೇ ಸಂಕೋಚ. ಅವರ ನಗುವೆಲ್ಲ ಅವರ ಭಾಷೆಯಲ್ಲಿದೆ.

ಹಿರಿಯಳು: ಕಲಿ. ಜೊತೆಗೆ ಅವರಿಂದಲೂ ಕೇಳು. ನಾನು ತಮಿಳು ಕಲಿತೆ, ಒಪ್ಪಿ ಕಲಿತೆ. ಆದರೆ ಆ ಮನೆಯಲ್ಲಿ ನನಗೋಸ್ಕರ ಕನ್ನಡ ಓದಲು ಕಲಿತವರು ಮಾವ ಒಬ್ಬರೇ. ಸಂಜೆ ಪ್ರಜಾವಾಣಿ ಹಿಡಿದುಕೊಂಡು ಒಂದೊಂದೇ ತಲೆಬರಹ ಓದಿ, ಸರಿಯಾ ಅಂತ ನನ್ನ ಮುಖ ನೋಡುತ್ತಿದ್ದರು. ಆ ಹೊತ್ತಿನಲ್ಲಿ ನಾನು ಸೊಸೆಯಲ್ಲ, ಮೇಷ್ಟ್ರು. ಹೊಸದಾಗಿ ಬಂದವಳೇ ಎಲ್ಲ ಕಲಿಯಬೇಕು, ಇದ್ದವರು ಏನೂ ಕಲಿಯಬೇಕಿಲ್ಲ ಅನ್ನುವ ಪದ್ಧತಿ ಒಂದೇ ಜಾತಿಯ ಮದುವೆಯಲ್ಲೂ ಇದೆ. ನಿಮ್ಮಂಥ ಮದುವೆಯಲ್ಲಿ ಅದು ಹೆಂಗಸನ್ನು ಪೂರ್ತಿ ಅಳಿಸಿಹಾಕುತ್ತದೆ.

ಕಿರಿಯಳು: ಮತಾಂತರದ ಮಾತು ಅವರು ತೆಗೆದಿಲ್ಲ. ಆದರೆ ಅವರ ದೊಡ್ಡಪ್ಪ ಒಬ್ಬರು, ಒಂದು ಹೆಸರಿಟ್ಟುಕೊಂಡರೆ ಸಾಕು, ಯಾರಿಗೂ ಏನೂ ಹೇಳಬೇಕಾಗಿಲ್ಲ ಅಂದರಂತೆ. ನಮ್ಮ ಕಡೆಯ ಮಾವನೂ ಹಾಗೇ, ಅವನು ಲಿಂಗಧಾರಣೆ ಮಾಡಿಸಿಕೊಂಡರೆ ನಾನು ನಿಮ್ಮ ಅಪ್ಪನನ್ನು ಒಪ್ಪಿಸುತ್ತೇನೆ ಅಂದರು.

ಹಿರಿಯಳು: ಇಬ್ಬರಿಗೂ ಒಂದೇ ಉತ್ತರ ಕೊಡು. ಮನಸ್ಸಿನಿಂದ ಬೇಕು ಅಂತ ಒಬ್ಬ ಮನುಷ್ಯ ಧರ್ಮ ಬದಲಿಸಿದರೆ ಅದು ಅವರ ಸ್ವಂತ ಹಕ್ಕು, ನಾನು ಕೈಮುಗಿಯುತ್ತೇನೆ. ಮದುವೆಯ ಬೆಲೆಯಾಗಿ ಕೇಳಿದರೆ ಕೊಡಬಾರದು. ಅಪ್ಪನನ್ನು ಒಪ್ಪಿಸುವುದಕ್ಕೆ ಸುಮ್ಮನೆ ಲಿಂಗ ಕಟ್ಟಿಸಿಕೊಂಡರೆ ಲಿಂಗಕ್ಕೂ ಅವಮಾನ. ಕಲಿಮಾ ಹೇಳುವುದೂ ಹಾಗೇ. ಅಮ್ಮಿಗೆ ಆಸೆಯಿದ್ದರೆ ನೋಂದಣಿಯಾದ ದಿನ ಮನೆಯಲ್ಲಿ ದುವಾ ಮಾಡಿಸಲಿ, ನೀನು ತಲೆಗೆ ಸೆರಗು ಹೊದ್ದು ಕೂತುಕೋ. ಅವನೂ ತಿಪಟೂರಿಗೆ ಬಂದಾಗ ಹಣೆಗೆ ವಿಭೂತಿ ಇಟ್ಟರೆ ಬೇಡ ಅನ್ನದಿರಲಿ. ಹಿರಿಯರ ಎದುರು ತೋರಿಸುವ ಗೌರವ ಅದು. ಅದಕ್ಕೂ ಹೆಸರು ಬದಲಿಸುವುದಕ್ಕೂ ಬಹಳ ದೂರ.

ಕಿರಿಯಳು: ಸಾವಿನ ಮಾತು ಬಿಡುವುದಿಲ್ಲ ಅಂದಿರಿ.

ಹಿರಿಯಳು: ಬಿಡುವುದಿಲ್ಲ. ನನ್ನ ಅವ್ವ, ಅಂದರೆ ನಿನ್ನ ಅಜ್ಜಿ, ನನ್ನ ಮದುವೆಯಾದ ಮೇಲೆ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ನನ್ನ ಅತ್ತೆ ತೀರಿಕೊಂಡಾಗ ಬಂದರು. ಬರುವಾಗಲೂ ಸುಡುತ್ತಾರೋ ಏನು ಮಾಡುತ್ತಾರೋ ಅಂತ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಕಲ್ಪಳ್ಳಿಯ ಸ್ಮಶಾನದಲ್ಲಿ ಗುಂಡಿ ತೆಗೆದಿದ್ದರು. ಅವ್ವ ಅದನ್ನು ನೋಡಿ, ಇವರೂ ನಮ್ಮ ಹಾಗೇ ಮಣ್ಣು ಮಾಡುತ್ತಾರಾ ಅಂತ ಕೇಳಿದರು. ಹೌದು ಅಂದೆ. ಎಲ್ಲರೂ ಹಿಡಿ ಮಣ್ಣು ಹಾಕುವಾಗ ಅವ್ವನೂ ಬಗ್ಗಿ ಒಂದು ಹಿಡಿ ಹಾಕಿದರು. ಅಷ್ಟು ವರ್ಷ ನಾನು ಹೇಳಿದ ಯಾವ ಮಾತೂ ಮಾಡದ ಕೆಲಸವನ್ನು ಅದು ಮಾಡಿತು. ಅವನ ಕಡೆಯೂ ದಫನ್ ತಾನೇ. ನಿನ್ನ ಅಪ್ಪನಿಗೆ ಇದು ಒಂದು ದಿನ ಅರ್ಥವಾಗಬಹುದು.

ಕಿರಿಯಳು: ಹಾಗಾದರೆ ಇದರಲ್ಲಿ ಜಗಳವೇ ಇಲ್ಲವಲ್ಲ.

ಹಿರಿಯಳು: ಇದೆ. ನಮ್ಮವರು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಮಣ್ಣು ಮಾಡುತ್ತಾರೆ. ಅವರ ಪದ್ಧತಿ ಬೇರೆ, ಖಬರಸ್ತಾನದ ನಿಯಮ ಬೇರೆ. ಹೆಣ ಎದುರಿಗೆ ಇಟ್ಟುಕೊಂಡು ಇವಳು ನಮ್ಮವಳು, ಅಲ್ಲ ನಮ್ಮವಳು ಅಂತ ಎರಡು ಕಡೆಯವರು ಜಗಳ ಆಡುವುದಕ್ಕಿಂತ ಘೋರ ಇನ್ನೊಂದಿಲ್ಲ. ನಾನೂ ನಿನ್ನ ಚಿಕ್ಕಪ್ಪನೂ ಒಂದು ರಾತ್ರಿ ಊಟವಾದ ಮೇಲೆ ಕೂತು ಇದನ್ನು ಮಾತಾಡಿದೆವು. ಅವರು ಕಲ್ಪಳ್ಳಿಯಲ್ಲಿ ಅವರ ಅಮ್ಮನ ಹತ್ತಿರ, ನಾನು ತಿಪಟೂರಿನ ತೋಟದಲ್ಲಿ ಅವ್ವನ ಹತ್ತಿರ. ಹಾಗೇ ಬರೆದೆವು, ಮಕ್ಕಳಿಗೆ ತೋರಿಸಿದೆವು. ಅವರು ಹೋದಾಗ ಯಾರೂ ಏನೂ ಕೇಳಲಿಲ್ಲ, ನಾನು ನೆಮ್ಮದಿಯಾಗಿ ಅಳುವುದಕ್ಕಾಯಿತು.

ಕಿರಿಯಳು: ಬೇರೆ ಬೇರೆ ಕಡೆ ಅಂತ ದುಃಖ ಆಗಲಿಲ್ಲವಾ ಚಿಕ್ಕಮ್ಮ?

ಹಿರಿಯಳು: ಆಯಿತು. ಈಗಲೂ ಆಗುತ್ತದೆ. ಆದರೆ ಅದು ನಾವಿಬ್ಬರೂ ಸೇರಿ ಒಪ್ಪಿಕೊಂಡ ದುಃಖ. ಯಾರೋ ನಮ್ಮ ಮೇಲೆ ಹೇರಿದ್ದಲ್ಲ. ಮ್ಯಾಚಿಂಗ್ ಸೆಂಟರಿನವರು ಬ್ಲೌಸ್ ಪೀಸನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ಕೊಡುವುದಿಲ್ಲ, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುತ್ತಾರೆ ನೋಡು. ಹಾಗೆ ಹಿಡಿದು ನೋಡಬೇಕು ಎಲ್ಲವನ್ನೂ. ಮಗುವಿನ ಹೆಸರು, ಶಾಲೆಯ ಅರ್ಜಿಯಲ್ಲಿ ಧರ್ಮದ ಕಾಲಂ, ರಂಜಾನ್ ಉಪವಾಸ, ಶಿವರಾತ್ರಿ ಉಪವಾಸ, ಯಾರ ತಂದೆತಾಯಿ ಕಡೆಗಾಲಕ್ಕೆ ಯಾರ ಮನೆಯಲ್ಲಿ. ಒಪ್ಪದೇ ಹೋದರೂ ಪರವಾಗಿಲ್ಲ, ಎಲ್ಲಿ ಒಪ್ಪುವುದಿಲ್ಲ ಅಂತಾದರೂ ಗೊತ್ತಿರಲಿ.

ಕಿರಿಯಳು: ಮಗುವಿನ ಹೆಸರಿನ ಬಗ್ಗೆ ಒಂದು ಸಲ ಜಗಳವಾಗಿ ಎರಡು ದಿನ ಮಾತು ಬಿಟ್ಟಿದ್ದೆವು.

ಹಿರಿಯಳು: ಒಳ್ಳೆಯದು. ಆ ಜಗಳವನ್ನು ಮುಗಿಸಿ. ಸಾಕ್ಷಿಗಳು ಯಾರು? ಕಾಯ್ದೆ ಮೂವರನ್ನು ಕೇಳುತ್ತದೆ.

ಕಿರಿಯಳು: ಅವನ ಅಕ್ಕ ಒಪ್ಪಿದ್ದಾರೆ. ನನ್ನ ಪಿಜಿ ಗೆಳತಿ ಬರುತ್ತಾಳೆ. ಮೂರನೆಯವರು ನೀವು ಅಂದುಕೊಂಡಿದ್ದೆ.

ಹಿರಿಯಳು: ನಾನು ಇದ್ದೇ ಇದ್ದೇನೆ. ಆದರೆ ಮೊದಲು ಅಪ್ಪನನ್ನು ಕೇಳು, ನೀವು ಸಾಕ್ಷಿ ಹಾಕುತ್ತೀರಾ ಅಂತ. ಅಧಿಕಾರಿಯ ಮುಂದೆ ಹೇಳುವ ಒಪ್ಪಿಗೆಯ ಮಾತನ್ನು ನಿಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಹೇಳಬಹುದು, ನಾನು ಕನ್ನಡದಲ್ಲೇ ಹೇಳುತ್ತೇನೆ ಅಂತಲೂ ಹೇಳು. ಅದು ಅವರಿಗೆ ಮುಟ್ಟುತ್ತದೆ.

ಕಿರಿಯಳು: ಅವರು ಆಗುವುದಿಲ್ಲ ಅಂತಾರೆ.

ಹಿರಿಯಳು: ಅನ್ನಲಿ. ಕೇಳಲೇ ಇಲ್ಲ ಅನ್ನುವ ಮಾತು ಉಳಿಯಬಾರದು. ಫೋನಿನಲ್ಲಿ ಬೇಡ, ಈ ಭಾನುವಾರ ಹೋಗು. ಪೂಜೆ ಮುಗಿಯುವ ತನಕ ಕಾಯು, ತಿಂಡಿಯಾಗಲಿ, ಆಮೇಲೆ ತೋಟಕ್ಕೆ ಹೋಗುವಾಗ ಜೊತೆಗೆ ನಡೆದುಕೊಂಡು ಹೋಗು. ನಿನ್ನ ಅಪ್ಪ ಮನೆಯೊಳಗೆ ಕೂತಿದ್ದಾಗ ಮಾತಾಡುವುದಿಲ್ಲ, ತೋಟದಲ್ಲಿ ಮಾತಾಡುತ್ತಾರೆ.

ಕಿರಿಯಳು: ಅವನನ್ನೂ ಕರೆದುಕೊಂಡು ಹೋಗಲಾ?

ಹಿರಿಯಳು: ಮೊದಲ ಸಲ ಬೇಡ. ನಾನು ಬರುತ್ತೇನೆ. ತೋಟಕ್ಕಲ್ಲ, ಮನೆ ತನಕ. ನಿನ್ನ ಅಮ್ಮನ ಜೊತೆ ಯಾರಾದರೂ ಇರಬೇಕಲ್ಲ.